ಹಳೆಯ ಪೆಟ್ರೋಲ್ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದೆಯಾ? ಪಾರ್ಟ್ಸ್ ಕೊಳ್ಳುವ ಮೊದಲು ಯಾವ ಸಿಲಿಂಡರ್ ಅಂತ ಹುಡುಕಿ

ಗಾಡಿ ಶೆಡ್ಡಿಗೆ ಬಂದು ನಿಲ್ಲುತ್ತದೆ. ಇಳಿದವರು ಹೇಳುವ ಮಾತು ಯಾವಾಗಲೂ ಹೆಚ್ಚು ಕಡಿಮೆ ಒಂದೇ. "ಅಣ್ಣಾ, ಪ್ಲಗ್ ಹೊಸದು, ಕಾಯಿಲ್ ಹೊಸದು, ಇಂಜೆಕ್ಟರ್ ಕ್ಲೀನ್ ಮಾಡ್ಸಿದೀನಿ. ಆದ್ರೂ ಮಿಸ್ಸಿಂಗ್ ಹೋಗ್ತಾ ಇಲ್ಲ."

"ಯಾವ ಸಿಲಿಂಡರ್ ಮಿಸ್ ಆಗ್ತಿದೆ ಅಂತ ನೋಡಿದ್ರಾ?" ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಇಂಜಿನ್ ಏಟು ತಪ್ಪುವುದು. ತಪ್ಪಾಗುವುದು ಇಲ್ಲೇ. ನಾಲ್ಕರಲ್ಲಿ ಯಾವ ಸಿಲಿಂಡರ್ ಕೈಕೊಟ್ಟಿದೆ ಅಂತ ಗೊತ್ತಿಲ್ಲದೆ ಬದಲಿಸುವ ಪ್ರತಿ ಪಾರ್ಟೂ ಲಾಟರಿ ಇದ್ದ ಹಾಗೆ. ಈ ಕೆಲಸಕ್ಕೆ ಒಂದು ಕ್ರಮ ಇದೆ. ಕ್ರಮ ಬಿಡದೆ ಹೋದರೆ ಒಂದು ಭಾನುವಾರ ಬೆಳಿಗ್ಗೆ ಸಾಕು, ಮನೆ ಮುಂದೆಯೇ ಪತ್ತೆ ಮಾಡಬಹುದು.

ಇಲ್ಲಿ ಬರೆದಿರುವುದು ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಪಿಕಪ್‌ಗೆ. ಗ್ಯಾಸ್ ಕಿಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಡೀಸೆಲ್ ಗಾಡಿಯ ದಾರಿ ಬೇರೆ. ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಬೇಕಾದ ಸಾಮಾನು

ಪ್ಲಗ್ ಪಾನಾ ಬೇಕು. ಗಾಡಿ ನೋಡಿಕೊಂಡು 16 ಅಥವಾ 21 ಮಿ.ಮೀ. ತಗೊಳ್ಳಿ, ಒಳಗೆ ರಬ್ಬರ್ ಇರುವಂಥದ್ದೇ ಆಗಬೇಕು. ಜೊತೆಗೆ ಉದ್ದದ ಎಕ್ಸ್‌ಟೆನ್ಷನ್, ಮಲ್ಟಿಮೀಟರ್, ಸ್ಪಾರ್ಕ್ ಟೆಸ್ಟರ್ (ಕಿಡಿ ನೋಡಲು), ಫೀಲರ್ ಗೇಜ್ (ಪ್ಲಗ್ಗಿನ ಗ್ಯಾಪ್ ಅಳೆಯಲು), ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯಲು), ನೀರು ಸ್ಪ್ರೇ ಮಾಡುವ ಬಾಟಲಿ, ಟಾರ್ಚ್. ಗಾಡಿಗೆ ಸ್ಕ್ಯಾನಿಂಗ್ ಸಾಕೆಟ್ ಇದ್ದರೆ ಬ್ಲೂಟೂತ್ ಸ್ಕ್ಯಾನರ್. ಬೆಂಗಳೂರಿನಲ್ಲಾದರೆ ಮೀಟರ್, ಸ್ಕ್ಯಾನರ್ ಎಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಗೇಜು, ಪಾನಾಗಳಿಗೆ ಜೆ.ಸಿ. ರಸ್ತೆಗೆ ಹೋಗಿ.

ಇನ್ನೊಂದು ನೋಟ್‌ಬುಕ್ ಮತ್ತು ಪೆನ್ನು. ಇದನ್ನು ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅರ್ಧ ಕೆಲಸ ಆಗುವುದು ಬರೆದಿಟ್ಟ ಗುರುತುಗಳಿಂದಲೇ.

ಕೈ ಹಾಕುವ ಮೊದಲು ಎಚ್ಚರ

ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ. ಪ್ಲಗ್ ಲೈನಿನಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಇಂಜಿನ್ ಓಡುತ್ತಿರುವಾಗ ಕೈಯಲ್ಲಿ ಪ್ಲಗ್ ವೈರ್ ಕೀಳುವುದು ಹಳೇ ಅಭ್ಯಾಸ, ಪ್ಲಗ್ಗಿಗೆ ಕರೆಂಟ್ ಕೊಡುವ ಇವತ್ತಿನ ಕಾಯಿಲ್‌ಗಳ ಮುಂದೆ ಅದು ಬೇಡ. ನಿಮಗೂ ಪೆಟ್ಟು, ಕಾಯಿಲ್‌ಗೂ ಪೆಟ್ಟು.

ಚೆಕ್ ಇಂಜಿನ್ ಲೈಟು ಬರೀ ಹೊತ್ತಿಕೊಂಡಿದ್ದರೆ ಕೆಲಸ ಮುಂದುವರಿಸಬಹುದು. ಅದು ಮಿಣುಕುತ್ತಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಅದು ಕೆಂಪಗೆ ಕಾಯುತ್ತದೆ. ಒಣ ಎಲೆ, ಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹಿಡಿಯಬಹುದು. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಬರುತ್ತಿದ್ದರೆ ಲೀಕ್ ಮುಚ್ಚುವವರೆಗೂ ಮಿಸ್ಸಿಂಗ್ ವಿಚಾರ ಪಕ್ಕಕ್ಕಿಡಿ.

ಹಂತ 1: ನಿಜವಾಗಿಯೂ ಮಿಸ್ಸಿಂಗೇನಾ ನೋಡಿ

ಇಂಜಿನ್ ಮೌಂಟ್ ಹರಿದರೂ ಗಾಡಿ ನಡುಗುತ್ತದೆ. ಕ್ಲಚ್ ಸವೆದರೂ ಏರಿನಲ್ಲಿ ಎಳೆಯುವುದಿಲ್ಲ. ಅವೆರಡನ್ನೂ ಮಿಸ್ಸಿಂಗ್ ಅಂದುಕೊಂಡು ಪ್ಲಗ್ ಬದಲಿಸಿದವರು ಎಷ್ಟೋ ಜನ.

ಇಂಜಿನ್ ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟು ಹಿಂದೆ ಹೋಗಿ. ಸೈಲೆನ್ಸರ್ ತುದಿಯಿಂದ ನಾಲ್ಕು ಬೆರಳು ದೂರದಲ್ಲಿ ಒಂದು ಕಾಗದದ ಚೂರು ಹಿಡಿಯಿರಿ. ಸರಿಯಾಗಿ ಓಡುವ ಇಂಜಿನ್ ಆದರೆ ಕಾಗದ ಒಂದೇ ಸಮನೆ ಹಾರುತ್ತಿರುತ್ತದೆ. ಮಿಸ್ಸಿಂಗ್ ಇದ್ದರೆ ಲಯ ತಪ್ಪುತ್ತದೆ: ಪಟ ಪಟ ಪಟ, ಒಂದು ಗುಳುಂ, ಮತ್ತೆ ಪಟ ಪಟ ಪಟ. ಗುಳುಂ ಒಂದೇ ಅಂತರದಲ್ಲಿ ಬರುತ್ತಿದ್ದರೆ ಒಂದು ಸಿಲಿಂಡರ್ ಪೂರ್ತಿ ನಿಂತಿದೆ, ಗಾಡಿ ಮೂರರಲ್ಲಿ ಓಡುತ್ತಿದೆ. ಲೆಕ್ಕವಿಲ್ಲದೆ ಯಾವಾಗಲೋ ಬಂದು ಹೋಗುತ್ತಿದ್ದರೆ ತೊಂದರೆ ನಾಲ್ಕಕ್ಕೂ ಸೇರಿದ್ದು ಇರಬಹುದು. ಕಾಗದ ಆಗಾಗ ಪೈಪಿನ ಕಡೆಗೆ ಎಳೆದುಕೊಂಡರೆ ವಾಲ್ವ್ ಮೇಲೂ ಅನುಮಾನ ಇರಲಿ, ಬರೆದಿಟ್ಟುಕೊಳ್ಳಿ.

ಕೈಯಲ್ಲಿರುವ ಎಮಿಷನ್ ಟೆಸ್ಟ್ ಚೀಟಿಯನ್ನೂ ತೆಗೆದು ನೋಡಿ. ಎಚ್‌ಸಿ (ಹೊಗೆಯಲ್ಲಿರುವ ಸುಡದ ಇಂಧನ) ಅಂಕಿ ಹೋದ ಸಲಕ್ಕಿಂತ ತುಂಬಾ ಏರಿದ್ದರೆ ಪೆಟ್ರೋಲ್ ಸುಡದೆ ಹೊರಗೆ ಹೋಗುತ್ತಿದೆ.

ಹಂತ 2: ಯಾವಾಗ ಬರುತ್ತದೆ ಅಂತ ಬರೆದುಕೊಳ್ಳಿ

ಬೆಳಿಗ್ಗೆ ತಣ್ಣಗಿರುವಾಗ ಮಾತ್ರವಾ? ಬಿಸಿಯಾದ ಮೇಲಾ? ಸ್ಲೋನಲ್ಲಿ ಇದ್ದು ರೇಸ್ ಕೊಟ್ಟರೆ ಹೋಗುತ್ತದಾ? ಖಾಲಿ ಗಾಡಿಯಲ್ಲಿ ಇಲ್ಲ, ಲೋಡು ಹಾಕಿ ಮೇಲ್ಸೇತುವೆ ಹತ್ತುವಾಗ ಮಾತ್ರವಾ? ಮಳೆ ಬಂದ ಮಾರನೆ ದಿನವಾ?

ರೇಸ್ ಕೊಟ್ಟರೆ ಸರಿಹೋಗುತ್ತದೆ ಅಂದರೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿರುವ ಸಾಧ್ಯತೆ ಜಾಸ್ತಿ. ಲೋಡಿನಲ್ಲಿ ಮಾತ್ರ ಬಂದರೆ ಕರೆಂಟಿನ ಕಡೆ ಮೊದಲು ನೋಡಬೇಕು. ಮಳೆಗೆ ಬಂದರೆ ಪ್ಲಗ್ ವೈರ್, ಕ್ಯಾಪ್, ಕಾಯಿಲ್. ಬಿಸಿಯಾದ ಮೇಲೆ ಬಂದರೆ ಕಾಯಿಲ್, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವುದು), ಇಲ್ಲವೇ ಬಿಗಿಯಾದ ವಾಲ್ವ್.

ಗ್ಯಾಸ್ ಕಿಟ್ ಇರುವವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಇಂಧನ ಬದಲಿಸುವ ಸ್ವಿಚ್ಚೇ ನಿಮ್ಮ ಮೊದಲ ಪರೀಕ್ಷೆ. ಮಿಸ್ಸಿಂಗ್ ಬರುತ್ತಿರುವಾಗ ಸ್ವಿಚ್ ಒತ್ತಿ ನೋಡಿ. ಪೆಟ್ರೋಲಿನಲ್ಲಿ ಮಾತ್ರ ಬಂದರೆ ಪೆಟ್ರೋಲ್ ಇಂಜೆಕ್ಟರ್, ಪಂಪ್, ಫಿಲ್ಟರ್. ಎರಡರಲ್ಲೂ ಒಂದೇ ಥರ ಬಂದರೆ ಇಂಧನ ಬಿಟ್ಟುಬಿಡಿ, ಎರಡಕ್ಕೂ ಸೇರಿದ ಕರೆಂಟ್, ಗಾಳಿ, ಕಂಪ್ರೆಷನ್ ನೋಡಿ. ಗ್ಯಾಸಿನಲ್ಲಿ ಮಾತ್ರ ಬಂದರೆ ಎಲ್ಲರೂ ಕಿಟ್ಟನ್ನೇ ಬೈಯುತ್ತಾರೆ. ಅವಸರ ಬೇಡ. ಗ್ಯಾಸಿಗೆ ಕಿಡಿ ಹಚ್ಚಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಸೋತುಹೋಗುತ್ತಿರುವ ಪ್ಲಗ್ಗು, ಕಾಯಿಲ್ಲು ಮೊದಲು ಬಯಲಾಗುವುದು ಗ್ಯಾಸಿನಲ್ಲೇ. ಆಮೇಲೆ ನಿಧಾನಕ್ಕೆ ಪೆಟ್ರೋಲಿನಲ್ಲೂ ಶುರುವಾಗುತ್ತದೆ.

ಹಂತ 3: ಸ್ಕ್ಯಾನರ್ ಹಾಕಿ, ಆದರೆ ಅದರ ಮಾತು ಪೂರ್ತಿ ನಂಬಬೇಡಿ

ಸುಮಾರು 2013ರ ನಂತರ ಬಂದ ಪೆಟ್ರೋಲ್ ಗಾಡಿಯಾದರೆ ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಕೋಡ್ ಓದಿ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ ಪಿ0304ರವರೆಗೆ. ಪಿ0300 ಅಂದರೆ ಒಂದು ಅಂತಿಲ್ಲ, ಅಲ್ಲಿ ಇಲ್ಲಿ ಬರುತ್ತಿದೆ.

ಪಿ0302 ಬಂದ ಕೂಡಲೇ ಎರಡನೇ ಕಾಯಿಲ್ ತರಲು ಓಡಬೇಡಿ. ಆ ಕೋಡ್ ಹೇಳುವುದು ಎರಡನೇ ಸಿಲಿಂಡರಿನ ಏಟು ಬೀಳಲಿಲ್ಲ ಅಂತ ಮಾತ್ರ. ಯಾಕೆ ಬೀಳಲಿಲ್ಲ ಅಂತ ಅದಕ್ಕೂ ಗೊತ್ತಿಲ್ಲ. ಕೋಡುಗಳನ್ನು ಬರೆದುಕೊಂಡ ಮೇಲೆ ಅಳಿಸಿ.

ಕಾರ್ಬೋರೇಟರ್ ಗಾಡಿಯಾದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಹಂತ 4: ಯಾವ ಸಿಲಿಂಡರ್ ಅಂತ ಗೊತ್ತುಮಾಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಸಣ್ಣ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಸೀಟು ಎತ್ತಿದರೆ ಇಂಜಿನ್ ಕಾಣುತ್ತದೆ. ಟೈಮಿಂಗ್ ಬೆಲ್ಟ್ ಅಥವಾ ಚೈನ್ ಇರುವ ಕಡೆಯದು ಸಾಮಾನ್ಯವಾಗಿ ಒಂದನೇ ಸಿಲಿಂಡರ್. ಇಂಜಿನ್ ಪೂರ್ತಿ ಬಿಸಿಯಾಗಲಿ, ಸ್ಲೋನಲ್ಲಿ ಓಡುತ್ತಿರಲಿ, ಎಸಿ, ಲೈಟು ಎಲ್ಲ ಆಫ್ ಇರಲಿ. ಗ್ಯಾಸ್ ಗಾಡಿಯನ್ನು ಪೆಟ್ರೋಲ್‌ಗೆ ಹಾಕಿಕೊಳ್ಳಿ.

ಈಗ ಒಂದನೇ ಇಂಜೆಕ್ಟರಿನ (ಪೆಟ್ರೋಲ್ ಚಿಮ್ಮಿಸುವುದು) ಕನೆಕ್ಟರ್ ಬಿಚ್ಚಿ. ಇಂಜಿನ್ ಸದ್ದು ಕುಗ್ಗಿ, ಗಾಡಿ ನಡುಗಿದರೆ ಒಂದನೇ ಸಿಲಿಂಡರ್ ಚೆನ್ನಾಗಿದೆ ಅಂತ ಅರ್ಥ. ಹತ್ತು ಸೆಕೆಂಡ್ ಸಾಕು, ವಾಪಸ್ ಹಾಕಿ. ಹೀಗೇ ಎರಡು, ಮೂರು, ನಾಲ್ಕು. ಯಾವುದನ್ನು ಬಿಚ್ಚಿದರೂ ಇಂಜಿನ್‌ಗೆ ಏನೂ ವ್ಯತ್ಯಾಸ ಆಗುವುದಿಲ್ಲವೋ, ಅದೇ ಕೆಲಸ ಮಾಡದ ಸಿಲಿಂಡರ್. ಇದ್ದವನು ಎದ್ದು ಹೋದರೆ ಗೊತ್ತಾಗುತ್ತದೆ, ಇಲ್ಲದವನು ಹೋದರೆ ಗೊತ್ತಾಗಲ್ಲ ಅಲ್ವಾ? ಹಾಗೆಯೇ ಇದು.

ಕಾಯಿಲ್ ಕನೆಕ್ಟರ್ ಬಿಚ್ಚಿಯೂ ಇದನ್ನು ಮಾಡಬಹುದು, ಆದರೆ ಆಗ ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗುತ್ತದೆ. ಇಂಜೆಕ್ಟರ್ ಬಿಚ್ಚಿದರೆ ಆ ತೊಂದರೆ ಇಲ್ಲ. ಕಾರ್ಬೋರೇಟರ್ ಗಾಡಿಯಲ್ಲಿ ಇಂಜಿನ್ ಆಫ್ ಮಾಡಿ, ಒಂದು ಪ್ಲಗ್ ವೈರ್ ತೆಗೆದು ಅದಕ್ಕೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಟೆಸ್ಟರಿನ ಕ್ಲಿಪ್ಪನ್ನು ಇಂಜಿನ್ ಬಾಡಿಗೆ ಕೊಟ್ಟು, ಆಮೇಲೆ ಸ್ಟಾರ್ಟ್ ಮಾಡಿ. ವೈರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಬೇಡಿ.

ಎರಡು ಸಿಲಿಂಡರ್ ಒಟ್ಟಿಗೆ ನಿಂತಿದ್ದರೆ ಯಾವ ಎರಡು ಅನ್ನುವುದೇ ಅರ್ಧ ಉತ್ತರ. ಒಂದು ಕಾಯಿಲ್ ಎರಡು ಪ್ಲಗ್ಗಿಗೆ ಕರೆಂಟ್ ಕೊಡುವ ಗಾಡಿಗಳಲ್ಲಿ 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. 1 ಮತ್ತು 4 ಒಟ್ಟಿಗೆ ಹೋದರೆ ಮೊದಲು ಆ ಕಾಯಿಲ್ ನೋಡಿ. 1 ಮತ್ತು 2, ಇಲ್ಲವೇ 3 ಮತ್ತು 4, ಅಂದರೆ ಅಕ್ಕಪಕ್ಕದವು ಹೋದರೆ ನಡುವೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ) ಸುಟ್ಟಿರಬಹುದು. 2 ಮತ್ತು 3 ಮಾತ್ರ ಮೋಸ ಮಾಡುತ್ತವೆ: ಕಾಯಿಲ್ ಜೋಡಿಯೂ ಅವೇ, ಅಕ್ಕಪಕ್ಕದವೂ ಅವೇ. ಆಗ ಕಂಪ್ರೆಷನ್ ನೋಡದೆ ತೀರ್ಮಾನ ಮಾಡಬೇಡಿ.

ನಾಲ್ಕರಲ್ಲಿ ಯಾವುದನ್ನು ಬಿಚ್ಚಿದರೂ ಒಂದೇ ಥರ ಸದ್ದು ಕುಗ್ಗಿದರೆ ತೊಂದರೆ ಒಂದು ಸಿಲಿಂಡರಿನದ್ದಲ್ಲ. ಬ್ಯಾಟರಿ ಅರ್ಥ್ ವೈರ್, ಪೆಟ್ರೋಲ್ ಪ್ರೆಷರ್, ಗಾಳಿ ಲೀಕ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಕ್ರ್ಯಾಂಕ್ ಸೆನ್ಸರ್ ಕಡೆ ಹೋಗಿ. ಹಳೆಯ ಗಾಡಿಯಲ್ಲಿ ಇಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಖರ್ಚಿಲ್ಲದ ಕೆಲಸ.

ಹಂತ 5: ಅದಲು ಬದಲು ಮಾಡಿ

ಎರಡನೆಯದು ನಿಂತಿದೆ ಅಂದುಕೊಳ್ಳಿ. ಸಿಲಿಂಡರಿಗೊಂದು ಕಾಯಿಲ್ ಇರುವ ಗಾಡಿಯಾದರೆ ಎರಡನೇ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಮತ್ತೆ ಹಂತ 4ರ ಪರೀಕ್ಷೆ ಮಾಡಿ. ಮಿಸ್ಸಿಂಗ್ ಮೂರಕ್ಕೆ ಹೋಯಿತಾ? ಕಾಯಿಲ್ ಹೋಗಿದೆ, ಧೈರ್ಯವಾಗಿ ಹೊಸದು ತನ್ನಿ. ಎರಡರಲ್ಲೇ ಉಳಿಯಿತಾ? ಕಾಯಿಲ್ ಚೆನ್ನಾಗಿದೆ. ಮುಂದೆ ಪ್ಲಗ್ ಅದಲು ಬದಲು, ಆಮೇಲೆ ಪ್ಲಗ್ ವೈರ್.

ಒಂದು ಸಲಕ್ಕೆ ಒಂದೇ ಪಾರ್ಟು. ಕಾಯಿಲ್ಲು, ಪ್ಲಗ್ಗು ಎರಡನ್ನೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರು ಅಂತ ಗೊತ್ತೇ ಆಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ವೈರ್ ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ವೈರಿನ ಕ್ರಮ ತಪ್ಪಿದರೆ ಇಲ್ಲದ ಮಿಸ್ಸಿಂಗ್ ನಾವೇ ಹುಟ್ಟಿಸಿದ ಹಾಗಾಗುತ್ತದೆ.

ಹಂತ 6: ಪ್ಲಗ್ ಬಿಚ್ಚಿ ಓದಿ

ಹೆಡ್ ಅಲ್ಯೂಮಿನಿಯಂ, ಹಾಗಾಗಿ ಇಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಬಿಚ್ಚುವ ಮೊದಲು ಗುಂಡಿಯಲ್ಲಿರುವ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ.

ನಾಲ್ಕೂ ಪ್ಲಗ್ಗನ್ನು ಕ್ರಮವಾಗಿ ಬಿಳಿ ಕಾಗದದ ಮೇಲೆ ಜೋಡಿಸಿ, ನಂಬರ್ ಬರೆಯಿರಿ. ಬಿಸ್ಕತ್ ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಹತ್ತುತ್ತಿಲ್ಲ. ಆಯಿಲ್ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಬೂದಿಯಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಜಾಸ್ತಿ ಕಾಯುತ್ತಿದೆ. ಒಂದು ಪ್ಲಗ್ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ ಇದ್ದು, ರೇಡಿಯೇಟರಿನಲ್ಲಿ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್‌ನಿಂದ ಆ ಸಿಲಿಂಡರಿಗೆ ನೀರು ಹೋಗುತ್ತಿದೆ.

ಪ್ಲಗ್ಗಿನ ಬಿಳಿ ಪಿಂಗಾಣಿ ಭಾಗವನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿ. ಮೇಲಿಂದ ಕೆಳಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ತೆಳ್ಳನೆ ಕಪ್ಪು ಗೆರೆ ಕಂಡರೆ ಕರೆಂಟ್ ಹೊರಗಿನಿಂದಲೇ ಬಾಡಿಗೆ ಹಾರುತ್ತಿದೆ. ಆಗ ಪ್ಲಗ್ಗೂ ಹೋಯಿತು, ಅದರ ಮೇಲೆ ಕೂರುವ ರಬ್ಬರ್ ಬೂಟೂ ಹೋಯಿತು. ಪ್ಲಗ್ ಮಾತ್ರ ಬದಲಿಸಿದರೆ ವಾರದಲ್ಲಿ ಅದೇ ಗೆರೆ ಮತ್ತೆ ಬರುತ್ತದೆ.

ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ನಡುವೆ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಳತೆಯನ್ನೇ ಹಿಡಿಯಿರಿ. ಪ್ಲಗ್ಗಿನ ನಂಬರ್ ಕೂಡ ಅದರಲ್ಲಿರುವುದೇ ಆಗಬೇಕು. ಡೂಪ್ಲಿಕೇಟ್ ಪ್ಲಗ್ ಹೊಸದಾದರೂ ಮಿಸ್ ಆಗುತ್ತದೆ, ಬಿಲ್ ಇಲ್ಲದ ಕಡೆ ಕೊಳ್ಳಬೇಡಿ. ಹಾಕುವಾಗ ಮೊದಲು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ. ವಾಷರ್ ಇರುವ ಹೊಸ ಪ್ಲಗ್ ಆದರೆ ಅಲ್ಲಿಂದ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೊಂದು ಚೂರು. ಅಷ್ಟೇ.

ಹಂತ 7: ಕರೆಂಟ್ ಬರುತ್ತಿದೆಯಾ?

ಪ್ಲಗ್ ಬಿಚ್ಚಿ ಬಾಡಿಗೆ ಮುಟ್ಟಿಸಿ, ಕಿಡಿ ನೋಡಿ "ಕರೆಂಟ್ ಬರ್ತಿದೆ" ಅನ್ನುವುದು ತುಂಬಾ ಜನ ಮಾಡುವ ತಪ್ಪು. ಹೊರಗಿನ ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ. ಸಿಲಿಂಡರಿನೊಳಗಿನ ಒತ್ತಡದಲ್ಲಿ ಅದೇ ಕಾಯಿಲ್ ಸೋಲಬಹುದು. ಅದಕ್ಕೇ ಗ್ಯಾಪ್ ಹೊಂದಿಸುವ ಸ್ಪಾರ್ಕ್ ಟೆಸ್ಟರ್ ಬೇಕಾಗುವುದು. 6 ಮಿ.ಮೀ. ಅಂತರಕ್ಕೆ ಇಟ್ಟರೂ ನೀಲಿ ಕಿಡಿ ಚಟ್ ಚಟ್ ಅಂತ ಹಾರಬೇಕು. ಕೆಂಪಗೆ, ಹಳದಿಯಾಗಿ, ಬಿಟ್ಟು ಬಿಟ್ಟು ಬಂದರೆ ಸಾಲದು. ಈ ಪರೀಕ್ಷೆಗೆ ಮೊದಲು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಬಿಚ್ಚಿಡಿ. ಪೆಟ್ರೋಲ್ ಆವಿ ಇರುವಲ್ಲಿ ಕಿಡಿ ಹಾರಿಸಬಾರದು.

ಪ್ಲಗ್ ವೈರುಗಳನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಉದ್ದಕ್ಕೆ ತಕ್ಕ ಹಾಗೆ ಕೆಲವು ಸಾವಿರ ಓಮ್ ಬರುತ್ತದೆ. ಮೂರು ವೈರ್ ಒಂದು ಅಳತೆ ತೋರಿಸಿ ನಾಲ್ಕನೆಯದು ಎಲ್ಲೋ ಹೋಗಿದ್ದರೆ ಅದೇ ಅಪರಾಧಿ.

ಮಳೆಗಾಲದ ಮಿಸ್ಸಿಂಗ್‌ಗೆ ರಾತ್ರಿ ಪರೀಕ್ಷೆ ಮಾಡಿ. ಪೆಟ್ರೋಲ್, ಗ್ಯಾಸ್ ಲೀಕ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕತ್ತಲಲ್ಲಿ ಇಂಜಿನ್ ಓಡಿಸಿ, ವೈರ್ ಮತ್ತು ಕಾಯಿಲ್ ಸುತ್ತ ಮಂಜಿನ ಹಾಗೆ ಸಣ್ಣಗೆ ನೀರು ಸ್ಪ್ರೇ ಮಾಡಿ. ಕೈ ದೂರ ಇರಲಿ. ಲೀಕ್ ಇರುವ ಕಡೆ ಸಣ್ಣ ನೀಲಿ ಮಿಂಚು ಕಾಣುತ್ತದೆ, ಚಿಟಚಿಟ ಸದ್ದೂ ಕೇಳುತ್ತದೆ.

ಹಂತ 8: ಪೆಟ್ರೋಲ್ ಕಡೆ

ಒಂದು ಮಾತು ನೆನಪಿರಲಿ. ಪಂಪು, ಫಿಲ್ಟರು ಹೋದರೆ ನಾಲ್ಕೂ ಸಿಲಿಂಡರ್ ಸೊರಗುತ್ತವೆ. ಒಂದೇ ಸಿಲಿಂಡರ್ ನಿಂತಿರುವಾಗ ಪಂಪ್ ಬದಲಿಸುವುದು ದುಡ್ಡು ದಂಡ. ಒಂದೇ ನಿಂತಿದ್ದರೆ ಅದರ ಇಂಜೆಕ್ಟರ್ ನೋಡಿ.

ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ. ಟಿಕ್ ಟಿಕ್ ಅಂತ ನಾಲ್ಕೂ ಒಂದೇ ಥರ ಕೇಳಬೇಕು. ಕೇಳದಿದ್ದರೆ ಇಂಜಿನ್ ಆಫ್ ಮಾಡಿ ಓಮ್ ಅಳೆಯಿರಿ. ಇಂಥ ಗಾಡಿಗಳ ಇಂಜೆಕ್ಟರ್ ಸಾಮಾನ್ಯವಾಗಿ 12ರಿಂದ 16 ಓಮ್ ತೋರಿಸುತ್ತದೆ. ಇಂಜೆಕ್ಟರ್ ಸರಿ ಇದ್ದರೆ ವೈರ್ ನೋಡಿ. ಕಣ್ಣಿಗೆ ಕಾಣುವುದನ್ನು ಮಾತ್ರ ಅಲ್ಲ, ಕೈಗೆ ಸಿಗದ್ದನ್ನೂ.

ಇದನ್ನು ಕಷ್ಟಪಟ್ಟು ಕಲಿತವನು ನಾನು. ಹೊಸಕೋಟೆ ಕಡೆಯಿಂದ ಕಲಾಸಿಪಾಳ್ಯ ಮಾರ್ಕೆಟ್ಟಿಗೆ ತರಕಾರಿ ತರುತ್ತಿದ್ದ ಒಂದು ಪಿಕಪ್. ಮೂರನೇ ಸಿಲಿಂಡರ್ ನಿಂತಿತ್ತು. ಪ್ಲಗ್ ಹಾಕಿದೆ, ಕಾಯಿಲ್ ಹಾಕಿದೆ, ಎರಡು ದಿನ ಗಾಡಿ ನಿಲ್ಲಿಸಿಕೊಂಡೆ. ಕೊನೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಪೈಪು) ಕೆಳಗೆ ಕನ್ನಡಿ ಹಿಡಿದು ನೋಡಿದರೆ ಇಂಜೆಕ್ಟರ್ ವೈರಿನ ಮೇಲಿನ ಪ್ಲಾಸ್ಟಿಕ್ ಪೂರ್ತಿ ಇಲಿ ಕಡಿದಿತ್ತು. ಒಳಗಿನ ತಾಮ್ರದ ಒಂದೇ ಎಳೆ ಉಳಿದಿತ್ತು. ಪಕ್ಕದಲ್ಲೇ ಒಣಗಿದ ಟೊಮೆಟೊ ಸಿಪ್ಪೆ. ರಾತ್ರಿ ಮಾರ್ಕೆಟ್ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಈಗ ನಾನು ಇದನ್ನೇ ಮೊದಲು ನೋಡುತ್ತೇನೆ. ಲೋಡು ಇಳಿಸಿದ ಮೇಲೆ ಇಂಜಿನ್ ಸುತ್ತ ಬಿದ್ದ ತರಕಾರಿ ಚೂರುಗಳನ್ನು ಗುಡಿಸಿ ತೆಗೆಯಿರಿ.

ನಾಲ್ಕೂ ಸೊರಗಿದ್ದರೆ ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಸಾಮಾನ್ಯ. ಹಳೆಯ ರಬ್ಬರ್ ಪೈಪುಗಳನ್ನೂ ಒತ್ತಿ ನೋಡಿ, ಉಬ್ಬಿದ್ದರೆ ಅಥವಾ ಬಿರುಕಿದ್ದರೆ ಬದಲಿಸಿ.

ಹಂತ 9: ಗಾಳಿ ಲೀಕ್

ಸ್ಲೋನಲ್ಲಿ ಇದ್ದು ರೇಸಿನಲ್ಲಿ ಹೋಗುವ ಮಿಸ್ಸಿಂಗ್‌ಗೆ ಈ ಹಂತ. ಬ್ರೇಕ್ ಬೂಸ್ಟರಿಗೆ ಹೋಗುವ ಪೈಪನ್ನು ಇಕ್ಕಳದಲ್ಲಿ ಮೆತ್ತಗೆ ಅದುಮಿ. ಇಂಜಿನ್ ಸರಿಹೋದರೆ ಅಲ್ಲೇ ಲೀಕ್. ಮಿಕ್ಕ ಸಣ್ಣ ಪೈಪುಗಳಿಗೂ ಹೀಗೇ ಮಾಡಿ. ಮ್ಯಾನಿಫೋಲ್ಡ್ ಜೋಡಣೆಯ ಮೇಲೆ ನೀರು ಸ್ಪ್ರೇ ಮಾಡಿದಾಗ ಸದ್ದು ಬದಲಾದರೆ ಗ್ಯಾಸ್ಕೆಟ್ ಹೋಗಿದೆ. ಕೆಲವರು ಪೆಟ್ರೋಲನ್ನೇ ಸ್ಪ್ರೇ ಮಾಡುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ದಯವಿಟ್ಟು ಮಾಡಬೇಡಿ.

ಹಂತ 10: ಕಂಪ್ರೆಷನ್

ಕರೆಂಟ್ ಇದೆ, ಪೆಟ್ರೋಲ್ ಇದೆ, ಆದರೂ ಸಿಲಿಂಡರ್ ಎದ್ದೇಳುತ್ತಿಲ್ಲ ಅಂದರೆ ಗೇಜು ತೆಗೆಯಿರಿ. ಇಂಜಿನ್ ಬೆಚ್ಚಗಿರಲಿ, ಪ್ಲಗ್ ಬಿಚ್ಚಲು ಕೈ ಮುಟ್ಟುವಷ್ಟು ಮಾತ್ರ. ನಾಲ್ಕೂ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಐದಾರು ಏಟು ಸೆಲ್ಫ್ ಹೊಡೆಯಿರಿ. ಬ್ಯಾಟರಿ ಚಾರ್ಜ್ ಚೆನ್ನಾಗಿರಬೇಕು.

ಬೆಂಗಳೂರಿನವರು ಒಂದು ವಿಷಯ ಗಮನಿಸಬೇಕು. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ, ಹಾಗಾಗಿ ಗೇಜಿನ ಅಂಕಿಯೂ ಅಷ್ಟು ಕಡಿಮೆ ಬರುತ್ತದೆ. ಪುಸ್ತಕದಲ್ಲಿ 180 ಪಿಎಸ್‌ಐ ಅಂತಿದ್ದು ನಿಮಗೆ 162 ಬಂದರೆ ಇಂಜಿನ್ ಬಿಚ್ಚಿಸಬೇಡಿ. ನಾಲ್ಕರ ನಡುವಿನ ವ್ಯತ್ಯಾಸ ನೋಡಿ. 160, 158, 162 ಇದ್ದು ಒಂದು ಮಾತ್ರ 95 ಬಂದರೆ ಅಲ್ಲಿದೆ ತೊಂದರೆ.

ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆ ಇದ್ದು, ಆಯಿಲ್ ಹಾಕಿದರೂ ಏರದಿದ್ದರೆ ಹೆಡ್ ಗ್ಯಾಸ್ಕೆಟ್.

ಗ್ಯಾಸಿನಲ್ಲೇ ವರ್ಷಗಟ್ಟಲೆ ಓಡಿದ ಗಾಡಿಯಲ್ಲಿ ವಾಲ್ವ್ ಸೀಟು ಸವೆದು ವಾಲ್ವ್ ಒಳಕ್ಕೆ ಕೂರುತ್ತಾ ಹೋಗುತ್ತದೆ. ಟಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ಕಡಿಮೆಯಾಗಿ, ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಟಪೆಟ್ ಸದ್ದು ನಿಂತಿತು ಅಂತ ಖುಷಿಪಡುವವರಿದ್ದಾರೆ. ಗ್ಯಾಸ್ ಗಾಡಿಯಲ್ಲಿ ಅದು ಒಳ್ಳೆಯ ಸೂಚನೆ ಅಲ್ಲ. ಹೆಡ್ ಇಳಿಸುವ ಮೊದಲು ಟಪೆಟ್ ಅಡ್ಜಸ್ಟ್ ಮಾಡಿಸಿ ಇನ್ನೊಮ್ಮೆ ಕಂಪ್ರೆಷನ್ ನೋಡಿ. ವಾಲ್ವ್ ಸುಟ್ಟಿರದಿದ್ದರೆ ಅಷ್ಟಕ್ಕೇ ಸರಿಹೋಗಬಹುದು.

ಡೀಸೆಲ್ ಪಿಕಪ್ ಆದರೆ

ಪ್ಲಗ್ಗು, ಕಾಯಿಲ್ಲು ಇಲ್ಲ. ಮೊದಲು ಡೀಸೆಲ್ ಫಿಲ್ಟರಿನ ನೀರು ಇಳಿಸಿ, ಏರ್ ಲಾಕ್ (ಲೈನಿನಲ್ಲಿ ಸಿಕ್ಕ ಗಾಳಿ) ತೆಗೆಯಿರಿ. ಆಮೇಲೂ ಇದ್ದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಯಾವುದಕ್ಕೆ ಸದ್ದು ಬದಲಾಗುವುದಿಲ್ಲ ಅಂತ ನೋಡುತ್ತಾರೆ. ಕಾಮನ್ ರೈಲ್ ಗಾಡಿಯಲ್ಲಿ ಹೀಗೆ ಯಾವತ್ತೂ ಮಾಡಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದು ಅಂತ ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಹಂತ 11: ಓಡಿಸಿ ನೋಡಿ

ಕೋಡ್ ಅಳಿಸಿ, ಗಾಡಿಗೆ ದಿನಾ ಹಾಕುವಷ್ಟು ಲೋಡು ಹಾಕಿ. ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಹತ್ತಿರದ ಯಾವುದಾದರೂ ಮೇಲ್ಸೇತುವೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನಕ್ಕೆ ಎಳೆಸಿ. ಪೆಟ್ರೋಲಿನಲ್ಲಿ ಒಂದು ಸಲ, ಗ್ಯಾಸಿನಲ್ಲಿ ಒಂದು ಸಲ. ಸಿಗ್ನಲ್ಲಿನಲ್ಲಿ ಐದು ನಿಮಿಷ ಸ್ಲೋನಲ್ಲಿ ನಿಂತಾಗ ಹೇಗಿದೆ ನೋಡಿ. ಬಂದ ಮೇಲೆ ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡುಗಳನ್ನೂ ಓದಿ, ಲೈಟು ಹೊತ್ತುವ ಮೊದಲೇ ಅಲ್ಲಿ ಕೋಡ್ ಬಂದು ಕೂತಿರುತ್ತದೆ.

ಮಾರನೆ ದಿನ ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಮತ್ತೊಮ್ಮೆ ಹಿಂದೆ ಹೋಗಿ. ಸೈಲೆನ್ಸರ್ ಮುಂದೆ ಕಾಗದ ಹಿಡಿಯಿರಿ. ಒಂದೇ ಸಮನೆ ಹಾರುತ್ತಿದ್ದರೆ ಲೋಡಿಗೆ ಕಳಿಸಿ.